ಟೊಪೀಕಾದ ಇಟ್ಟಿಗೆ ಶಾಲೆ: ಕಟ್ಟಡ ಚೆನ್ನಾಗಿದ್ದರೂ ಕೋರ್ಟಿಗೆ ಹೋದದ್ದೇಕೆ?

ಪ್ರಶ್ನೆ: ನಾನು ಮಲೆನಾಡಿನ ಕಡೆಯ ನಿವೃತ್ತ ಪ್ರಾಥಮಿಕ ಶಾಲಾ ಮುಖ್ಯೋಪಾಧ್ಯಾಯ. ಮಗಳ ಮನೆಗೆಂದು ಅಮೆರಿಕದ ಕ್ಯಾನ್ಸಸ್ ರಾಜ್ಯಕ್ಕೆ ಬಂದಿದ್ದೇವೆ. ಅಳಿಯಂದಿರು ಟೊಪೀಕಾ ನಗರದ ಮನ್ರೋ ಶಾಲೆಯನ್ನು ತೋರಿಸಿದರು. ಕಪ್ಪು ಮಕ್ಕಳಿಗೆಂದೇ ಬೇರೆ ಇಟ್ಟಿದ್ದ ಶಾಲೆ ಅಂದಾಗ ಮುರುಕು ಕಟ್ಟಡ ಇರಬಹುದು ಅಂದುಕೊಂಡಿದ್ದೆ. ನೋಡಿದರೆ ಎರಡಂತಸ್ತಿನ ಗಟ್ಟಿಮುಟ್ಟಾದ ಇಟ್ಟಿಗೆ ಕಟ್ಟಡ. ನಾನು ಪಾಠ ಮಾಡಿದ ಸೋರುವ ಹಂಚಿನ ಶಾಲೆಗಳಿಗಿಂತ ಎಷ್ಟೋ ಮೇಲು. ಇಷ್ಟು ಒಳ್ಳೆಯ ಶಾಲೆ ಇದ್ದೂ ಆ ತಂದೆತಾಯಂದಿರು ಕೋರ್ಟಿಗೆ ಹೋದದ್ದೇಕೆ? ಇನ್ನೊಂದು: ಮಗುವನ್ನು ಸೇರಿಸಿಕೊಳ್ಳದೆ ವಾಪಸ್ ಕಳಿಸಿದ ಶಾಲೆ ಬೇರೆಯಂತೆ. ಅದನ್ನು ಬಿಟ್ಟು ಇದನ್ನೇಕೆ ಸ್ಮಾರಕ ಮಾಡಿದರು?

ಉತ್ತರ: ಮೇಷ್ಟ್ರೇ, ನೋಡಬೇಕಾದದ್ದನ್ನೇ ನೋಡಿದ್ದೀರಿ. ಅಲ್ಲಿಗೆ ಬರುವ ಬಹಳಷ್ಟು ಮಂದಿ ಗೋಡೆಯ ಮೇಲಿನ ಫೋಟೋಗಳನ್ನು ನೋಡುತ್ತಾರೆ, ಗೋಡೆಯನ್ನು ನೋಡುವುದಿಲ್ಲ. ಆ ಕಟ್ಟಡ ಚೆನ್ನಾಗಿತ್ತು, ಮೊಕದ್ದಮೆ ನಡೆದಾಗಲೂ ಚೆನ್ನಾಗಿಯೇ ಇತ್ತು. ಶಾಲೆಗಳಲ್ಲಿ ಬಣ್ಣದ ಮೇಲಿನ ಬೇರ್ಪಡಿಕೆ ಸಲ್ಲದು ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ತೀರ್ಪು (ಬ್ರೌನ್ ಮೊಕದ್ದಮೆ) ಅಷ್ಟು ದೂರ ಹೋಗಲು ಸಾಧ್ಯವಾದದ್ದರಲ್ಲಿ ಆ ಗಟ್ಟಿ ಕಟ್ಟಡದ ಪಾಲು ದೊಡ್ಡದು.

ಮೊದಲು ಕಟ್ಟಡದ ವಿಷಯ. ಈಗಿರುವ ಮನ್ರೋ ಶಾಲೆ 1926ರದ್ದು. ಅದಕ್ಕೂ ಮೊದಲು ಪಕ್ಕದಲ್ಲೇ 1870ರ ದಶಕದ ಹಳೆಯ ಮನ್ರೋ ಶಾಲೆಯಿತ್ತು, ಅದೂ ಕಪ್ಪು ಮಕ್ಕಳದ್ದೇ. ಹೊಸದರ ನಕ್ಷೆ ಹಾಕಿದವರು ಟೊಪೀಕಾದ ವಾಸ್ತುಶಿಲ್ಪಿ ಥಾಮಸ್ ವಿಲಿಯಮ್ಸನ್. ಇಟಲಿಯ ನವೋದಯ ಕಾಲದ ಧಾಟಿ, ಇಟ್ಟಿಗೆಯ ಗೋಡೆ, ಅಂಚುಗಳಿಗೆ ಸುಣ್ಣಕಲ್ಲು, ಒಳಗೆ ಬೆಳಕು ತುಂಬುವ ದೊಡ್ಡ ಕಿಟಕಿಗಳು. ಇದೇ ವಿಲಿಯಮ್ಸನ್ ಬಿಳಿಯ ಮಕ್ಕಳ ಶಾಲೆಗಳನ್ನೂ ಕಟ್ಟಿಸಿದರು. ಮಗುವನ್ನು ವಾಪಸ್ ಕಳಿಸಿದ ಸಮ್ನರ್ ಶಾಲೆಯೂ, 1935-36ರಲ್ಲಿ ಎದ್ದದ್ದು, ಅವರ ಸಂಸ್ಥೆಯದೇ. ಒಂದೇ ಶಿಕ್ಷಣ ಮಂಡಳಿ, ಒಬ್ಬರೇ ವಾಸ್ತುಶಿಲ್ಪಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾರದು ಎಂದು ಕಟ್ಟಡ ನೋಡಿ ಹೇಳುವುದು ಕಷ್ಟ.

ಹೀಗಾದದ್ದಕ್ಕೆ ಕ್ಯಾನ್ಸಸ್‌ನ ಇತಿಹಾಸ ಕಾರಣ. ದಕ್ಷಿಣದ ರಾಜ್ಯಗಳಂತೆ ಗುಲಾಮಗಿರಿಯಲ್ಲಿ ಬೆಳೆದ ನಾಡಲ್ಲ ಅದು. ಗುಲಾಮಗಿರಿ ಬೇಡವೆಂದು ಹೊಡೆದಾಡಿ, 1861ರಲ್ಲಿ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಒಕ್ಕೂಟ ಸೇರಿದ ನೆಲ. 1879ರ ಸುಮಾರಿಗೆ ದಕ್ಷಿಣದಿಂದ ಸಾವಿರಾರು ಕಪ್ಪು ಕುಟುಂಬಗಳು ಬದುಕು ಹುಡುಕಿಕೊಂಡು ಇಲ್ಲಿಗೆ ಬಂದವು. ವಿಚಿತ್ರವೆಂದರೆ ಅದೇ 1879ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು: ಮೊದಲ ದರ್ಜೆಯ ನಗರಗಳು ಬಯಸಿದರೆ ಪ್ರಾಥಮಿಕ ಶಾಲೆಗಳನ್ನು ಬಣ್ಣದ ಮೇಲೆ ಬೇರೆ ಮಾಡಬಹುದು. ಮಾಡಲೇಬೇಕು ಎಂದಿರಲಿಲ್ಲ. ಟೊಪೀಕಾ ಬಯಸಿತು. ಕಪ್ಪು ಮಕ್ಕಳಿಗೆ ನಾಲ್ಕು ಶಾಲೆ (ಮನ್ರೋ, ವಾಷಿಂಗ್ಟನ್, ಬುಕ್ಯಾನನ್, ಮೆಕಿನ್ಲಿ), ಬಿಳಿಯರಿಗೆ ಹದಿನೆಂಟು. ಹೈಸ್ಕೂಲಿನಲ್ಲಿ ಎಲ್ಲರೂ ಒಟ್ಟಿಗೆ; 1941ರ ಒಂದು ಮೊಕದ್ದಮೆಯ ಬಳಿಕ ಏಳು, ಎಂಟನೇ ತರಗತಿಯಲ್ಲೂ ಒಟ್ಟಿಗೆ. ಆರನೆಯದರವರೆಗೆ ಮಾತ್ರ ಬೇರೆ ಬೇರೆ. ಹನ್ನೆರಡು ವರ್ಷವಾದ ಕೂಡಲೇ ಜೊತೆಗೆ ಕೂರಬಹುದಾದ ಮಕ್ಕಳು ಆರನೆಯ ವಯಸ್ಸಿನಲ್ಲಿ ಯಾಕೆ ಕೂರಬಾರದು ಎಂಬುದಕ್ಕೆ ಮಂಡಳಿಯ ಬಳಿ ಉತ್ತರ ಇರಲಿಲ್ಲ. ಹಿಂದಿನಿಂದ ನಡೆದು ಬಂದದ್ದು, ಅಷ್ಟೇ.

ಈಗ ಆ ಮಗು. ಲಿಂಡಾ ಬ್ರೌನ್‌ಳ ತಂದೆ ಆಲಿವರ್ ಬ್ರೌನ್ ಸಾಂಟಾ ಫೆ ರೈಲ್ವೆಯ ಕಾರ್ಖಾನೆಯಲ್ಲಿ ವೆಲ್ಡರ್, ಬಿಡುವಿನಲ್ಲಿ ಚರ್ಚಿನ ಸಹಾಯಕ ಪಾದ್ರಿ. ಅವರ ಮನೆಯಿಂದ ಸಮ್ನರ್ ಶಾಲೆ ಏಳು ಬೀದಿಯಾಚೆ. ಮನ್ರೋಗೆ ಹೋಗಬೇಕಾದರೆ ಅವಳು ರೈಲ್ವೆ ಯಾರ್ಡಿನ ಹಳಿಗಳ ನಡುವೆ ನಡೆದು, ಗಜಿಬಿಜಿಯ ರಸ್ತೆ ದಾಟಿ, ಬಸ್ ಹತ್ತಬೇಕಿತ್ತು. ಅಪ್ಪ ಕೋರ್ಟಿನಲ್ಲಿ ಹೇಳಿದ ಲೆಕ್ಕ ಇದು: ಮಗಳು ಮನೆ ಬಿಡುವುದು 7.40ಕ್ಕೆ, ಬಸ್ಸಿನ ಸಮಯ 8 ಗಂಟೆ, ಅದು ಎಷ್ಟೋ ಸಲ ತಡ. ಸಮಯಕ್ಕೆ ಬಂದರೆ 8.30ಕ್ಕೇ ಶಾಲೆಯ ಮುಂದೆ ಇಳಿಸುತ್ತದೆ, ಬಾಗಿಲು ತೆರೆಯುವುದು 9ಕ್ಕೆ. ಕ್ಯಾನ್ಸಸ್‌ನ ಚಳಿ ಎಂಥದ್ದೆಂದು ನಿಮ್ಮ ಮಗಳು ಹೇಳಿರುತ್ತಾಳೆ. ಆ ಅರ್ಧ ಗಂಟೆ ಮಕ್ಕಳು ಹೊರಗೆ ನಿಂತು ಕಾಯಬೇಕು.

ಆದರೆ ಶಿಕ್ಷಣ ಮಂಡಳಿಯ ವಕೀಲರ ಮಾತನ್ನೂ ಕೇಳಿ. ಕಪ್ಪು ಮಕ್ಕಳಿಗೆ ಬಸ್ ಉಚಿತ, ಬಿಳಿಯ ಮಕ್ಕಳಿಗೆ ಅದೂ ಇಲ್ಲ. ಪಠ್ಯಕ್ರಮ ಒಂದೇ, ಪುಸ್ತಕ ಒಂದೇ. ಶಿಕ್ಷಕರ ವಿದ್ಯಾರ್ಹತೆಯಲ್ಲೂ ಕೊರತೆಯಿಲ್ಲ. ಒಳ್ಳೆಯ ಪದವಿ ಇದ್ದ ಕಪ್ಪು ಶಿಕ್ಷಕರಿಗೆ ಊರಲ್ಲಿ ಬೇರೆ ಕೆಲಸವೇ ಸಿಗುತ್ತಿರಲಿಲ್ಲವಾದ್ದರಿಂದ ಈ ನಾಲ್ಕು ಶಾಲೆಗಳಿಗೆ ಉತ್ತಮರೇ ಬಂದರು. ಕಟ್ಟಡವಂತೂ ನೀವೇ ಕಂಡಿರಿ. ಹಾಗಾದರೆ ತಕರಾರು ಏನು?

ಪೋಷಕರ ಕಡೆಯ ವಕೀಲರಿಗೆ ಆ ಪ್ರಶ್ನೆಯನ್ನು ಎದುರಾಳಿಯ ಬಾಯಿಂದಲೇ ಹೊರಡಿಸುವುದು ಬೇಕಿತ್ತು. ಎನ್‌ಎಎಸಿಪಿ ಎಂಬ ಕಪ್ಪು ಜನರ ಹಕ್ಕಿನ ಸಂಘಟನೆ ವರ್ಷಗಳಿಂದ ಕೋರ್ಟುಗಳಲ್ಲಿ ಹೋರಾಡುತ್ತಿತ್ತು. ಅದಕ್ಕೆ ಅಡ್ಡ ನಿಂತದ್ದು ಸುಪ್ರೀಂ ಕೋರ್ಟಿನ 1896ರ ಪ್ಲೆಸಿ ತೀರ್ಪು: ಬೇರೆ ಬೇರೆ ಇರಿಸಬಹುದು, ಸಮವಾಗಿದ್ದರೆ ಸಾಕು. ಈ ಸೂತ್ರದೊಳಗೆ ಗೆಲ್ಲುವುದು ಸುಲಭ. ಕೆಟ್ಟ ಶಾಲೆ ತೋರಿಸಿ, ಇದು ಸಮವಲ್ಲ ಅನ್ನಿ, ಗೆಲ್ಲುತ್ತೀರಿ. ಗೆದ್ದ ಮೇಲೆ ಸರ್ಕಾರ ಹೊಸ ಇಟ್ಟಿಗೆ ಕಟ್ಟಡ ಕಟ್ಟಿಸಿಕೊಡುತ್ತದೆ. ಬೇರ್ಪಡಿಕೆ ಹಾಗೇ ಇರುತ್ತದೆ, ಮೊದಲಿಗಿಂತ ಗಟ್ಟಿಯಾಗಿ.

ಇದು ನನ್ನ ಊಹೆಯಲ್ಲ, ಟೊಪೀಕಾದ ದಾವೆ ಹೂಡಿದ 1951ರಲ್ಲೇ ದಕ್ಷಿಣ ಕ್ಯಾರೊಲೈನಾದಲ್ಲಿ ಕಣ್ಣೆದುರೇ ನಡೆಯಿತು. ಅಲ್ಲಿನ ಕ್ಲ್ಯಾರೆಂಡನ್ ಕೌಂಟಿಯ ಪೋಷಕರು ಮೊದಲು ಕೇಳಿದ್ದು ಒಂದು ಶಾಲಾ ಬಸ್. ಅದೂ ಸಿಗದೆ ಕೊನೆಗೆ ಬೇರ್ಪಡಿಕೆಯನ್ನೇ ಪ್ರಶ್ನಿಸಿ ದಾವೆ ಹೂಡಿದರು. ಆ ಕೌಂಟಿ 1949-50ರಲ್ಲಿ ಬಿಳಿಯ ಮಗುವಿಗೆ 179 ಡಾಲರ್, ಕಪ್ಪು ಮಗುವಿಗೆ 43 ಡಾಲರ್ ಖರ್ಚು ಮಾಡುತ್ತಿತ್ತು. 1951ರ ಮೇ ತಿಂಗಳಲ್ಲಿ ವಿಚಾರಣೆ ಶುರುವಾದ ಕೂಡಲೇ ಸರ್ಕಾರಿ ಕಡೆಯ ವಕೀಲ ರಾಬರ್ಟ್ ಫಿಗ್ ಎದ್ದು ನಿಂತು, ಹೌದು, ನಮ್ಮ ಶಾಲೆಗಳು ಸಮವಾಗಿಲ್ಲ, ಸರಿಪಡಿಸಲು ಕಾಲಾವಕಾಶ ಕೊಡಿ ಎಂದು ಒಪ್ಪಿಕೊಂಡುಬಿಟ್ಟರು. ಅಸಮಾನತೆಯ ಸಾಕ್ಷಿಗಳನ್ನು ರಾಶಿ ಹಾಕಿಕೊಂಡು ಬಂದಿದ್ದ ಎದುರು ವಕೀಲರ ಕೈಯಿಂದ ಅಸ್ತ್ರ ಕಿತ್ತುಕೊಂಡ ಹಾಗಾಯಿತು. ರಾಜ್ಯಪಾಲ ಜೇಮ್ಸ್ ಬರ್ನ್ಸ್ ಅಷ್ಟರಲ್ಲಾಗಲೇ ಶೇ 3ರ ಮಾರಾಟ ತೆರಿಗೆ ಹಾಕಿಸಿ 7.5 ಕೋಟಿ ಡಾಲರ್‌ಗಳ ಶಾಲಾ ಕಟ್ಟಡ ಯೋಜನೆಗೆ ಕೈಹಾಕಿದ್ದರು. ರಾಜ್ಯದುದ್ದಕ್ಕೂ ಕಪ್ಪು ಮಕ್ಕಳಿಗೆ ಹೊಸ ಇಟ್ಟಿಗೆ ಶಾಲೆಗಳು ಎದ್ದವು. ಒಳ್ಳೆಯ ಶಾಲೆಗಳೇ. ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಬಾರದಿರಲೆಂದು ಕಟ್ಟಿದ ಒಳ್ಳೆಯ ಶಾಲೆಗಳು. ಹಳೆಯ ಶಾಲಾ ಕಟ್ಟಡಗಳನ್ನು ಓದುವ ನನ್ನಂಥವರಿಗೆ ಇವುಗಳ ಮುಂದೆ ನಿಂತಾಗ ಮೆಚ್ಚಬೇಕೋ ಬೇಡವೋ ತಿಳಿಯುವುದಿಲ್ಲ.

ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲೂ ಇದೇ ಆಟ. ಅಲ್ಲಿನ ಮೋಟನ್ ಹೈಸ್ಕೂಲ್ 1939ರ ಇಟ್ಟಿಗೆ ಕಟ್ಟಡ, 180 ಮಕ್ಕಳಿಗೆಂದು ಕಟ್ಟಿದ್ದು. ಮಕ್ಕಳ ಸಂಖ್ಯೆ ಅದರ ಇಮ್ಮಡಿ ಮೀರಿತು. ಹೆಚ್ಚಾದವರಿಗೆ ಮಂಡಳಿ ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊದಿಸಿದ ಗುಡಿಸಲು ಹಾಕಿಕೊಟ್ಟಿತು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ ಇಡೀ ಶಾಲೆಯನ್ನು ಹೊರಗೆ ಕರೆದುಕೊಂಡು ಬಂದಳು. ಮಕ್ಕಳ ಬೇಡಿಕೆ ಒಳ್ಳೆಯ ಕಟ್ಟಡ. ಎನ್‌ಎಎಸಿಪಿ ವಕೀಲರು ಒಂದೇ ಷರತ್ತು ಹಾಕಿದರು: ಬೇರೆ ಕಟ್ಟಡ ಕೇಳುವುದಾದರೆ ನಾವಿಲ್ಲ, ಬೇರ್ಪಡಿಕೆ ಹೋಗಬೇಕೆಂದು ಕೇಳುವುದಾದರೆ ಇದ್ದೇವೆ. ಮಕ್ಕಳು, ಪೋಷಕರು ಒಪ್ಪಿದರು. 1953ರಲ್ಲಿ ಹೊಸ ಕಟ್ಟಡವೂ ಬಂತು, ಆದರೆ ಆ ಹೊತ್ತಿಗೆ ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿತ್ತು.

ಇವುಗಳ ನಡುವೆ ಟೊಪೀಕಾವನ್ನು ಇಟ್ಟು ನೋಡಿ. ಕಟ್ಟಡವನ್ನು ರಿಪೇರಿ ಮಾಡಿ ದಾವೆಯ ಬಾಯಿ ಮುಚ್ಚಿಸಲು ಅಲ್ಲಿ ಸಾಧ್ಯವೇ ಇರಲಿಲ್ಲ. ರಿಪೇರಿ ಮಾಡಲು ಏನೂ ಇರಲಿಲ್ಲವಲ್ಲ.

ಎನ್‌ಎಎಸಿಪಿಯ ಟೊಪೀಕಾ ಶಾಖೆಯ ಅಧ್ಯಕ್ಷ ಮೆಕಿನ್ಲಿ ಬರ್ನೆಟ್, ಕಾರ್ಯದರ್ಶಿ ಲುಸಿಂಡಾ ಟಾಡ್. ಮಂಡಳಿಗೆ ಮನವಿಯ ಮೇಲೆ ಮನವಿ ಕೊಟ್ಟು ಸಾಕಾಗಿ, 1950ರ ಶಾಲಾರಂಭದಲ್ಲಿ 13 ಪೋಷಕರನ್ನು ಒಪ್ಪಿಸಿದರು: ನಿಮ್ಮ ಮನೆಗೆ ಹತ್ತಿರದ ಬಿಳಿಯರ ಶಾಲೆಗೆ ಮಗುವನ್ನು ಕರೆದುಕೊಂಡು ಹೋಗಿ, ಸೇರಿಸಿಕೊಳ್ಳಿ ಎಂದು ಕೇಳಿ, ಇಲ್ಲವೆಂದರೆ ಬಂದು ತಿಳಿಸಿ. ಒಟ್ಟು 20 ಮಕ್ಕಳು. ಎಲ್ಲ ಕಡೆ ಇಲ್ಲ ಎಂದರು. 13 ಜನರಲ್ಲಿ 12 ಮಂದಿ ತಾಯಂದಿರು. ಆಲಿವರ್ ಬ್ರೌನ್ ಒಬ್ಬರೇ ಗಂಡಸು. ಮೊಕದ್ದಮೆಗೆ ಅವರ ಹೆಸರೇ ಬಂದದ್ದು ಅದು ಅಕ್ಷರಾನುಕ್ರಮದಲ್ಲಿ ಮೊದಲು ಬರುತ್ತಿದ್ದುದರಿಂದ ಎಂದು ಎಲ್ಲೆಡೆ ಬರೆಯುತ್ತಾರೆ. ಅದು ಸರಿಯಲ್ಲ, ವಾದಿಗಳಲ್ಲಿ ಡಾರ್ಲೀನ್ ಬ್ರೌನ್ ಎಂಬ ಇನ್ನೊಬ್ಬರಿದ್ದರು, ಅನುಕ್ರಮ ನೋಡಿದರೆ ಮೊದಲು ಅವರದ್ದೇ ಬರಬೇಕಿತ್ತು.

1951ರ ಫೆಬ್ರುವರಿ 28ರಂದು ದಾವೆ ಹೂಡಿದರು. ಜೂನ್ 25, 26ರಂದು ವಿಚಾರಣೆ. ಊರಿನ ವಕೀಲರಾದ ಚಾರ್ಲ್ಸ್ ಸ್ಕಾಟ್, ಜಾನ್ ಸ್ಕಾಟ್, ಚಾರ್ಲ್ಸ್ ಬ್ಲೆಡ್‌ಸೋ ಜೊತೆ ನ್ಯೂಯಾರ್ಕಿನಿಂದ ರಾಬರ್ಟ್ ಕಾರ್ಟರ್, ಜಾಕ್ ಗ್ರೀನ್‌ಬರ್ಗ್ ಬಂದಿದ್ದರು. ಹ್ಯೂ ಸ್ಪೀರ್ ಎಂಬ ಶಿಕ್ಷಣ ತಜ್ಞರ ಸಾಕ್ಷ್ಯ ನಿಮಗೆ, ಮೇಷ್ಟ್ರಾದವರಿಗೆ, ಇಷ್ಟವಾಗುತ್ತದೆ. ಪಠ್ಯಕ್ರಮ ಎಂದರೆ ಪುಸ್ತಕದಲ್ಲಿರುವುದಷ್ಟೇ ಅಲ್ಲ, ಮಗು ಶಾಲೆಯಲ್ಲಿ ಪಡೆಯುವ ಅನುಭವವೆಲ್ಲ ಪಠ್ಯಕ್ರಮವೇ. ದೇಶದ ಬಹುಪಾಲು ಜನರ ಮಕ್ಕಳ ಜೊತೆ ಬೆರೆಯಲು ಬಿಡದಿದ್ದರೆ ಆ ಮಗುವಿನ ಪಠ್ಯಕ್ರಮವನ್ನೇ ಕತ್ತರಿಸಿದಂತೆ ಎಂಬ ಅರ್ಥದ ಮಾತು ಅವರದು.

ಆಗಸ್ಟ್ 3ರಂದು ನ್ಯಾಯಾಧೀಶ ವಾಲ್ಟರ್ ಹಕ್ಸ್‌ಮನ್ ನೇತೃತ್ವದ ಮೂವರ ಪೀಠ ತೀರ್ಪು ಕೊಟ್ಟಿತು. ಪೋಷಕರು ಸೋತರು. ಶಾಲೆಗಳು ಹೆಚ್ಚುಕಡಿಮೆ ಸಮವಾಗಿವೆ, ಪ್ಲೆಸಿ ತೀರ್ಪು ಇರುವವರೆಗೆ ನಮ್ಮ ಕೈ ಕಟ್ಟಿದೆ ಎಂದರು. ಆದರೆ ಅದೇ ಕಡತದಲ್ಲಿ ವಾಸ್ತವಾಂಶವೆಂದು ಇನ್ನೊಂದನ್ನೂ ದಾಖಲಿಸಿದರು: ಬೇರೆ ಇಡುವುದರಿಂದಲೇ ಕಪ್ಪು ಮಕ್ಕಳಿಗೆ ಹಾನಿಯಾಗುತ್ತದೆ, ಕಾನೂನಿನ ಮುದ್ರೆ ಬಿದ್ದಾಗ ಹಾನಿ ಇನ್ನೂ ಹೆಚ್ಚು, ತಾವು ಕೀಳು ಎಂಬ ಭಾವನೆ ಮಗುವಿನ ಕಲಿಯುವ ಹುಮ್ಮಸ್ಸನ್ನು ತಟ್ಟುತ್ತದೆ. ಸಮ ಎಂದೂ ಬರೆದು, ಹಾನಿ ಎಂದೂ ಬರೆದರೆ ಉಳಿದ ಪ್ರಶ್ನೆ ಒಂದೇ. ಅದನ್ನು ಮೇಲಿನ ಕೋರ್ಟು ತಪ್ಪಿಸಿಕೊಳ್ಳುವಂತಿರಲಿಲ್ಲ. ಸೋಲಿಸಿಯೂ ಇಷ್ಟು ಸಹಾಯ ಮಾಡಿದ ತೀರ್ಪು ನಾನು ಬೇರೆ ಕಂಡಿಲ್ಲ.

ಡೆಲವೇರ್‌ನಲ್ಲಿ ಇದಕ್ಕೆ ತಿರುವುಮುರುವು. ಹಾಕೆಸಿನ್ ಎಂಬ ಊರಿನಲ್ಲಿ ಬಿಳಿಯ ಮಕ್ಕಳ ಬಸ್ಸು ಶರ್ಲಿ ಬ್ಯೂಲಾ ಎಂಬ ಮಗುವಿನ ಮನೆಯ ಮುಂದೆಯೇ ಹಾದುಹೋಗುತ್ತಿತ್ತು, ಅವಳನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ನ್ಯಾಯಾಧೀಶ ಕಾಲಿನ್ಸ್ ಸೈಟ್ಜ್ 1952ರಲ್ಲಿ ಶಾಲೆಗಳು ಸಮವಿಲ್ಲ ಎಂದು ಕಂಡು, ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಕೂಡಲೇ ಸೇರಿಸಿಕೊಳ್ಳಿ ಎಂದು ಆದೇಶಿಸಿದರು. ಗೆಲುವೇ. ಆದರೆ ಶಾಲೆಗಳನ್ನು ಸಮಮಾಡಿದ ಮೇಲೆ ಆದೇಶ ಬದಲಿಸಿ ಎಂದು ಸರ್ಕಾರ ಕೇಳಿಕೊಳ್ಳಬಹುದು ಎಂಬ ಕಿಂಡಿಯನ್ನು ರಾಜ್ಯದ ಮೇಲಿನ ಕೋರ್ಟು ತೆರೆದಿಟ್ಟಿತು. ಕೆಟ್ಟ ಕಟ್ಟಡದ ಬಲದಿಂದ ಪಡೆದ ಗೆಲುವು ಕಟ್ಟಡ ಸುಧಾರಿಸುವವರೆಗೆ ಮಾತ್ರ.

ಕ್ಯಾನ್ಸಸ್, ದಕ್ಷಿಣ ಕ್ಯಾರೊಲೈನಾ, ವರ್ಜೀನಿಯಾ, ಡೆಲವೇರ್ ಮೊಕದ್ದಮೆಗಳನ್ನು ಸುಪ್ರೀಂ ಕೋರ್ಟು ಒಟ್ಟಿಗೆ ಕೇಳಿತು. ರಾಜಧಾನಿ ವಾಷಿಂಗ್ಟನ್‌ನದಕ್ಕೆ ಅದೇ ದಿನ ಬೇರೆ ತೀರ್ಪು. ಪಟ್ಟಿಯಲ್ಲಿ ಟೊಪೀಕಾದ್ದು ಮೊದಲು ಬಂದದ್ದಕ್ಕೆ ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಮುಂದೆ ಕೊಟ್ಟ ಕಾರಣ, ಇದು ದಕ್ಷಿಣದವರ ಮೇಲಿನ ದೂರು ಮಾತ್ರ ಎಂದು ಕಾಣಬಾರದಿತ್ತು ಎಂಬುದು. 1954ರ ಮೇ 17ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಒಂಬತ್ತೂ ಮಂದಿಯ ಪರವಾಗಿ ತೀರ್ಪು ಓದಿದರು. ಅದರೊಳಗೆ ನಿಮ್ಮ ಪ್ರಶ್ನೆಗೆ ನೇರ ಉತ್ತರವಿದೆ. ಕಟ್ಟಡ, ಪಠ್ಯಕ್ರಮ, ಶಿಕ್ಷಕರ ಅರ್ಹತೆ, ಸಂಬಳ ಎಲ್ಲ ಸಮವಾಗಿವೆ ಅಥವಾ ಆಗುತ್ತಿವೆ ಎಂದು ಕೆಳಗಿನ ಕೋರ್ಟುಗಳು ಕಂಡುಕೊಂಡಿವೆ. ಆದ್ದರಿಂದ ಕಣ್ಣಿಗೆ ಕಾಣುವ ಈ ಸಂಗತಿಗಳನ್ನು ಹೋಲಿಸಿ ನಾವು ತೀರ್ಮಾನಿಸಲಾಗದು, ಬೇರ್ಪಡಿಕೆ ಶಿಕ್ಷಣದ ಮೇಲೆ ಏನು ಮಾಡುತ್ತದೆ ಎಂಬುದನ್ನೇ ನೋಡಬೇಕು ಎಂದರು. ಹಕ್ಸ್‌ಮನ್ ದಾಖಲಿಸಿದ ಹಾನಿಯ ಮಾತನ್ನು ಅಲ್ಲಿ ಉದ್ಧರಿಸಿದರು. ಬೇರೆ ಇಟ್ಟ ಶಾಲೆ ಸಮವಾಗಿರಲು ಸಾಧ್ಯವೇ ಇಲ್ಲ ಎಂದು ಮುಗಿಸಿದರು. ಮನ್ರೋ ಸೋರುವ ಗುಡಿಸಲಾಗಿದ್ದರೆ ಟೊಪೀಕಾದ ಕಡತದಿಂದ ಈ ಮಾತಿಗೆ ಇಷ್ಟು ಬಲ ಬರುತ್ತಿರಲಿಲ್ಲ.

ಇನ್ನು ಎರಡನೆಯ ಪ್ರಶ್ನೆ, ಸಮ್ನರ್ ಯಾಕಿಲ್ಲ ಎಂಬುದು. ಮೊದಲು ಗುರುತು ಸಿಕ್ಕಿದ್ದು ಸಮ್ನರ್‌ಗೇ. 1987ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಿದರು. ಮನ್ರೋವನ್ನು ಅದರ ಜೊತೆ ಸೇರಿಸಿದ್ದು 1991ರಲ್ಲಿ. ಅಂದರೆ ಆರಂಭದಲ್ಲಿ ಇಲಾಖೆಯವರಿಗೂ ನಿಮಗೆ ಹೊಳೆದದ್ದೇ ಹೊಳೆದಿತ್ತು. ಸಮ್ನರ್ ಹೆಸರೇ ಒಂದು ಕಥೆ. ಚಾರ್ಲ್ಸ್ ಸಮ್ನರ್ ಗುಲಾಮಗಿರಿಯ ಕಡುವಿರೋಧಿ. ಬಾಸ್ಟನ್ನಿನ ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಕಪ್ಪು ಮಗು ಬಿಳಿಯರ ಐದು ಶಾಲೆಗಳನ್ನು ದಾಟಿ ತನ್ನ ಶಾಲೆಗೆ ಹೋಗಬೇಕಿತ್ತು. ಆ ಮಗುವಿನ ಪರ 1849ರಲ್ಲಿ ವಾದಿಸಿದವರು ಅವರೇ. ಕೋರ್ಟು ಒಪ್ಪಲಿಲ್ಲ, ಆ ತೀರ್ಪನ್ನೇ ಮುಂದೆ ಪ್ಲೆಸಿ ಮೊಕದ್ದಮೆಯಲ್ಲಿ ಆಧಾರವಾಗಿ ಬಳಸಿದರು. ಅಂಥವರ ಹೆಸರಿನ ಶಾಲೆ ಲಿಂಡಾಳನ್ನು ವಾಪಸ್ ಕಳಿಸಿತು. ಅವಳು ಹೋದ ಶಾಲೆಗೋ ಗುಲಾಮರನ್ನು ಇಟ್ಟುಕೊಂಡಿದ್ದ ಅಧ್ಯಕ್ಷ ಮನ್ರೋ ಹೆಸರು.

ಮನ್ರೋ ಉಳಿದದ್ದರ ಕಾರಣ ಅಷ್ಟು ಕಾವ್ಯಮಯವಲ್ಲ. ಮಕ್ಕಳು ಕಡಿಮೆಯಾಗಿ 1975ರಲ್ಲಿ ಅದನ್ನು ಮುಚ್ಚಿದರು. ಕೆಲಕಾಲ ಗೋದಾಮಾಯಿತು, ಆಮೇಲೆ ಖಾಸಗಿಯವರ ಕೈ ಸೇರಿತು. 1990ರಲ್ಲಿ ಮತ್ತೆ ಮಾರಾಟಕ್ಕಿದೆ ಎಂದು ಗೊತ್ತಾದದ್ದು ಬ್ರೌನ್ ಫೌಂಡೇಶನ್‌ನವರಿಗೆ. ಲಿಂಡಾಳ ತಂಗಿ ಚೆರಿಲ್ ಬ್ರೌನ್ ಹೆಂಡರ್ಸನ್ ಮುಂತಾದವರು 1988ರಲ್ಲಿ ಕಟ್ಟಿದ ಸಂಸ್ಥೆ ಅದು. ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಸಂಸ್ಥೆ ಕಟ್ಟಡ ಕೊಂಡು, ರಾಷ್ಟ್ರೀಯ ಉದ್ಯಾನ, ಸ್ಮಾರಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಪಾರ್ಕ್ ಸರ್ವೀಸ್‌ಗೆ ವಹಿಸಿಕೊಟ್ಟಿತು. 1992ರ ಅಕ್ಟೋಬರ್ 26ರಂದು ಅದನ್ನು ಸ್ಮಾರಕವಾಗಿಸುವ ಕಾನೂನಾಯಿತು, ತೀರ್ಪಿಗೆ 50 ವರ್ಷ ತುಂಬಿದ 2004ರ ಮೇ 17ರಂದು ಬಾಗಿಲು ತೆರೆಯಿತು. ಸಮ್ನರ್ ಆಗ ಕೈಗೆ ಸಿಗುವಂತಿರಲಿಲ್ಲ, 1996ರವರೆಗೂ ಅದು ನಡೆಯುವ ಶಾಲೆ. ಮುಚ್ಚಿದ ಮೇಲೆ ಅದರ ಪಾಡು ಕೆಟ್ಟಿತು. 2008ರಲ್ಲಿ ದೇಶದ ಅಪಾಯದಲ್ಲಿರುವ ಪಾರಂಪರಿಕ ಕಟ್ಟಡಗಳ ಪಟ್ಟಿ ಸೇರಿತು, ಮರುವರ್ಷ ಲಾಸ್ ಏಂಜಲೀಸ್‌ನ ಒಂದು ಚರ್ಚು ಹರಾಜಿನಲ್ಲಿ ಕೊಂಡಿತು.

ಆದರೂ ಆಯ್ಕೆ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ. ಸಮ್ನರ್ ನೋಡಿದರೆ ಬಾಗಿಲು ಹಾಕಿದವರ ಮೇಲೆ ಸಿಟ್ಟು ಬರುತ್ತದೆ, ಅಲ್ಲಿಗೆ ಮುಗಿಯಿತು. ಮನ್ರೋ ನೋಡಿದರೆ ನಿಮಗೆ ಬಂದಂಥ ಪ್ರಶ್ನೆ ಬರುತ್ತದೆ. ಜೊತೆಗೆ, ಈ ಶಾಲೆಯನ್ನು ಅಲ್ಲಿನ ಕಪ್ಪು ಜನ ದ್ವೇಷಿಸುತ್ತಿರಲಿಲ್ಲ. ಹಳೆಯ ವಿದ್ಯಾರ್ಥಿಗಳು ಅಲ್ಲಿನ ಶಿಕ್ಷಕರನ್ನು ಹೊಗಳಿಯೇ ನೆನೆಯುತ್ತಾರೆ. ದಾವೆ ನಡೆಯುವಾಗ ಕೆಲವು ಕಪ್ಪು ಶಿಕ್ಷಕರೇ ಹಿಂಜರಿದರು, ಅದಕ್ಕೆ ಕಾರಣವೂ ಇತ್ತು: 1953ರಲ್ಲಿ ಶಾಲಾ ಸೂಪರಿಂಟೆಂಡೆಂಟರು ಒಬ್ಬ ಕಪ್ಪು ಶಿಕ್ಷಕಿಗೆ, ಬೇರ್ಪಡಿಕೆ ಹೋದರೆ ಬಿಳಿಯ ಮಕ್ಕಳಿಗೆ ಕಪ್ಪು ಶಿಕ್ಷಕರನ್ನು ಊರಿನ ಬಹುಪಾಲು ಜನ ಬಯಸುವುದಿಲ್ಲ, ಮುಂದಿನ ವರ್ಷ ಕೆಲಸ ಇರದಿರಬಹುದು ಎಂಬರ್ಥದ ಪತ್ರ ಬರೆದರು. ದಕ್ಷಿಣದಲ್ಲಿ ಈ ಭಯ ನಿಜವಾಯಿತು. ಶಾಲೆಗಳು ಒಂದಾದಾಗ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಜನರವು, ಕೆಲಸ ಕಳೆದುಕೊಂಡ ಕಪ್ಪು ಶಿಕ್ಷಕರು ಸಾವಿರಾರು. ಈ ಲೆಕ್ಕವನ್ನು ತೀರ್ಪನ್ನು ಕೊಂಡಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಒಳಗೆ ಕಿರಿದಾದ ಓಣಿಯಲ್ಲಿ ಎರಡೂ ಬದಿಯ ಪರದೆಗಳ ಮೇಲೆ ಜನ ಅರಚುವ, ಉಗುಳುವ ದೃಶ್ಯಗಳನ್ನು ನೋಡಿರುತ್ತೀರಿ. ಅವು ಟೊಪೀಕಾದವಲ್ಲ, ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಹೋದಾಗ ಗಲಾಟೆಯಾದ 1957ರ ಲಿಟಲ್ ರಾಕ್‌ನಂಥ ಕಡೆಗಳವು. ಟೊಪೀಕಾದ ಮಂಡಳಿ ತೀರ್ಪಿಗೂ ಮುಂಚೆ, 1953ರ ಸೆಪ್ಟೆಂಬರಿನಲ್ಲೇ, ಎರಡು ಶಾಲೆಗಳಲ್ಲಿ ಬೇರ್ಪಡಿಕೆ ತೆಗೆಯಲು ಶುರುಮಾಡಿತ್ತು. ಗಲಾಟೆ ಆಗಲಿಲ್ಲ. ಹಾಗೆಂದು ಬೇಗ ಮುಗಿಯಲೂ ಇಲ್ಲ: 1979ರಲ್ಲಿ, ಆಗ ತಾಯಿಯಾಗಿದ್ದ ಲಿಂಡಾಳೂ ಸೇರಿ ಕೆಲವು ಪೋಷಕರು ಊರಿನ ಶಾಲೆಗಳು ಇನ್ನೂ ಬಣ್ಣದ ಮೇಲೆ ಹಂಚಿಹೋಗಿವೆ ಎಂದು ಮೊಕದ್ದಮೆಯನ್ನು ಮತ್ತೆ ತೆರೆಸಿದರು. ಅದು ಮುಕ್ತಾಯವಾದದ್ದು 1999ರಲ್ಲಿ.

ಇನ್ನೂ ಕೆಲವು ದಿನ ಅಲ್ಲಿರುವುದಾದರೆ ಮನ್ರೋಗೆ ಇನ್ನೊಮ್ಮೆ ಹೋಗಿ, ಪ್ರವೇಶ ಉಚಿತ. ಹಳೆಯ ಕಾಲದಂತೆ ಮತ್ತೆ ಸಜ್ಜುಗೊಳಿಸಿದ ಶಿಶುವಿಹಾರದ ಕೋಣೆಯನ್ನು ಮೇಷ್ಟ್ರ ಕಣ್ಣಿನಿಂದ ಅಳೆದು ನೋಡಿ. ಅಲ್ಲಿಂದ ಕಾರಿನಲ್ಲಿ ಸಮ್ನರ್ ಹೊರಗಿನಿಂದಾದರೂ ನೋಡಿಕೊಂಡು ಬನ್ನಿ. 2022ರಲ್ಲಿ ಈ ಸ್ಮಾರಕವನ್ನು ವಿಸ್ತರಿಸಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವನ್ನಾಗಿ ಮಾಡಿದ್ದಾರೆ. ದಕ್ಷಿಣ ಕ್ಯಾರೊಲೈನಾದ ಸಮ್ಮರ್ಟನ್ ಊರಿನ ಎರಡು ಶಾಲೆಗಳು, ಬಿಳಿಯರ ಸಮ್ಮರ್ಟನ್ ಹೈಸ್ಕೂಲ್ ಮತ್ತು ಕಪ್ಪು ಮಕ್ಕಳ ಸ್ಕಾಟ್ಸ್ ಬ್ರಾಂಚ್, ಈಗ ಅದರ ಭಾಗ; ಫಾರ್ಮ್‌ವಿಲ್‌ನ ಮೋಟನ್, ಹಾಕೆಸಿನ್‌ನ ಪುಟ್ಟ ಇಟ್ಟಿಗೆ ಶಾಲೆ ಸಹವರ್ತಿ ತಾಣಗಳು. ಮಗಳು, ಅಳಿಯ ಪೂರ್ವ ಕರಾವಳಿಯ ಕಡೆ ಪ್ರವಾಸ ಹಾಕಿದರೆ ಫಾರ್ಮ್‌ವಿಲ್ ಬಿಡಬೇಡಿ ಎನ್ನಿ. ಮೋಟನ್ ಈಗ ವಸ್ತುಸಂಗ್ರಹಾಲಯ, ಮುಷ್ಕರ ಶುರುವಾದ ಸಭಾಂಗಣದಲ್ಲೇ ಕೂತು ಕಥೆ ಕೇಳಬಹುದು.